ಹಿಂದೆ ಬರುವವನಿಗಾಗಿ ಎಷ್ಟು ಹೊತ್ತು ನಿಲ್ಲಬೇಕು?



ಇಬ್ಬರು ಜೊತೆಯಾಗಿ ದೂರದ ದಾರಿ ಹಿಡಿದು ಹೊರಡುತ್ತಾರೆ. ಅರ್ಧ ದಾರಿಯಲ್ಲಿ ಒಬ್ಬನಿಗೆ ಮುಂದೆ ಹೋಗಲು ಆಗುವುದಿಲ್ಲ. ಇನ್ನೊಬ್ಬನಿಗೆ ಹೋಗದೆ ಇರಲು ಆಗುವುದಿಲ್ಲ. ಆಗ ಇವನು ನಿಲ್ಲಬೇಕೇ, ಹೊರಡಬೇಕೇ? ಹೊರಟರೆ ಅದು ತಪ್ಪೇ? ತಪ್ಪಾದರೆ ಎಷ್ಟು ದೊಡ್ಡ ತಪ್ಪು? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವರು ಯಾವ ಪಂಡಿತರೂ ಅಲ್ಲ, ನಮ್ಮ ಮಳವಳ್ಳಿ ಕಡೆಯ ಇಬ್ಬರು ಯುವಕರು. ಉತ್ತರ ಹೇಳಹೊರಟಾಗ ಇದು ನಾವಂದುಕೊಂಡಷ್ಟು ಸುಲಭದ ಪ್ರಶ್ನೆಯಲ್ಲ ಎಂದು ತಿಳಿಯಿತು. ಆದ್ದರಿಂದ ನಿಮ್ಮ ಜೊತೆ ಕೂತು ಯೋಚಿಸೋಣವೆಂದು ಬರೆಯುತ್ತಿದ್ದೇನೆ.

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ನಮ್ಮ ಕುಟುಂಬಗಳಿಗೆ ಆಗಸ್ಟ್ ತಿಂಗಳು ಮುಗಿಯುತ್ತಾ ಬಂತೆಂದರೆ ವೇಳಾಂಗಣ್ಣಿಯ ನೆನಪು. ಆಗಸ್ಟ್ 29ಕ್ಕೆ ಧ್ವಜಾರೋಹಣ, ಸೆಪ್ಟೆಂಬರ್ 8ಕ್ಕೆ ಆರೋಗ್ಯಮಾತೆಯ ಹಬ್ಬ. ಹಿರಿಯರು ರೈಲು, ಬಸ್ಸು ಹಿಡಿಯುತ್ತಾರೆ. ಕಾವಿ ಬಟ್ಟೆ ಉಟ್ಟು ನಡೆದೇ ಹೋಗುವವರೂ ಇದ್ದಾರೆ. ಹುಡುಗರಿಗೆ ಮೋಟರ್ ಸೈಕಲ್ಲೇ ಆಗಬೇಕು. ಮಳವಳ್ಳಿ ದಾಟಿ, ಕೊಳ್ಳೇಗಾಲ ಹಿಡಿದು, ಮಲೆ ಮಹದೇಶ್ವರ ಬೆಟ್ಟ ಹತ್ತಿ ಇಳಿದು, ಪಾಲಾರ್, ಮೆಟ್ಟೂರು, ಸೇಲಂ, ತಿರುಚ್ಚಿ, ತಂಜಾವೂರು, ನಾಗಪಟ್ಟಣ. ಹೀಗೆ ದಕ್ಷಿಣಕ್ಕೆ ಸುಮಾರು ಐನೂರು ಕಿಲೋಮೀಟರ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವವರೆಗೂ ಅಲ್ಲಿ ತಯಾರಾದ ಯೆಜ್ಡಿಗಳು ನಮ್ಮ ರಸ್ತೆಗಳಲ್ಲಿ ಪಟಪಟನೆ ಓಡುತ್ತಿದ್ದವು. ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದ ಅದೇ ಗಾಡಿಯಲ್ಲಿ ಯಾತ್ರೆಗೂ ಹೋಗಿಬರುತ್ತಿದ್ದವರನ್ನು ನಮ್ಮಲ್ಲಿ ಎಷ್ಟೋ ಜನ ಕಂಡಿದ್ದೇವೆ. ಈಗಿನ ಗಾಡಿಗಳು ಬೇರೆ, ವೇಗವೂ ಬೇರೆ. ಹುಮ್ಮಸ್ಸು ಮಾತ್ರ ಅದೇ.

ರಸ್ತೆಯ ವಿಚಾರವನ್ನೂ ಒಂದಿಷ್ಟು ಹೇಳಬೇಕು. ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಮಂಡ್ಯ, ಮದ್ದೂರಿನ ಬೈಕ್ ಸವಾರರಿಗೆ ಸರ್ವಿಸ್ ರಸ್ತೆಯೇ ಗತಿ. ಮಳವಳ್ಳಿ ರಸ್ತೆಗೆ ತಿರುಗಿದರೆ ಆ ಭೇದವಿಲ್ಲ: ಲಾರಿ, ಎತ್ತಿನ ಗಾಡಿ, ಶಿವನಸಮುದ್ರದ ಜಲಪಾತ ನೋಡಲು ಹೊರಟ ಕಾರು ಎಲ್ಲವೂ ಒಂದೇ ದಾರಿಯಲ್ಲಿ. ಕಬ್ಬು ತುಂಬಿದ ಎರಡು ಟ್ರೇಲರ್ ಎಳೆದುಕೊಂಡು ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಕತ್ತಲಲ್ಲಿ ತೆವಳುವ ಟ್ರಾಕ್ಟರ್ ಎಂದರೇನು ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರಡಿದ ಹುರುಳಿಯ ಮೇಲೆ ಬ್ರೇಕ್ ಹಾಕಿ ಜಾರಿ ಬಿದ್ದವರು ಪ್ರತಿ ಊರಿನಲ್ಲೂ ಇದ್ದಾರೆ. ಇಂಥ ದಾರಿಯಲ್ಲಿ ಜೊತೆಗಾರನೆಂದರೆ ಬರೀ ಮಾತಿಗೆ ಸಿಕ್ಕವನಲ್ಲ. ಬಿದ್ದಾಗ ಎತ್ತುವ ಕೈ ಅವನದೇ.

ಇನ್ನು ವಿಷಯಕ್ಕೆ ಬರುತ್ತೇನೆ. ನಾನು ಹೇಳಲಿರುವುದನ್ನು ಪಾಪನಿವೇದನೆಯ ಪೀಠದಲ್ಲಿ ಕೇಳಿದ್ದಲ್ಲ. ಅಲ್ಲಿ ಕೇಳಿದ್ದು ಅಲ್ಲೇ ಮಣ್ಣಾಗಬೇಕು. ಇದು ಜಗಲಿಯ ಮೇಲೆ ಕೂತು, ಮನೆಯವರ ಎದುರಿನಲ್ಲೇ ಆಡಿದ ಮಾತು. ಇಬ್ಬರೂ ಬರೆಯಲು ಒಪ್ಪಿದ್ದಾರೆ. ಹೆಸರು ಬೇಡ ಎಂದಿದ್ದಾರೆ, ಅಷ್ಟೆ.

ಕೆಲವು ವರ್ಷಗಳ ಹಿಂದೆ ಸೆಪ್ಟೆಂಬರ್ 7ರ ಬೆಳಗಿನ ಜಾವ ಇಬ್ಬರೂ ಒಂದೊಂದು ಗಾಡಿಯಲ್ಲಿ ಹೊರಟರು. ಒಬ್ಬನದು ಹರಕೆ: ಶಸ್ತ್ರಚಿಕಿತ್ಸೆಯಾಗಿ ಬದುಕಿ ಬಂದ ತಾಯಿಯ ಎತ್ತರದ ಮೇಣದಬತ್ತಿಯನ್ನು ಹಬ್ಬದ ದಿನದ ಬಲಿಪೂಜೆಯ ಹೊತ್ತಿಗೆ ಹಚ್ಚಬೇಕು. ಇನ್ನೊಬ್ಬನಿಗೆ ಹರಕೆಯೇನಿರಲಿಲ್ಲ. ಗೆಳೆಯ ಒಂಟಿಯಾಗಿ ಹೋಗಬಾರದೆಂದು ಹೊರಟವನು. ಬೆಟ್ಟ ಇಳಿದು ಪಾಲಾರ್ ದಾಟಿ ಮೆಟ್ಟೂರಿನ ಹತ್ತಿರ ಬರುವಷ್ಟರಲ್ಲಿ ಈ ಎರಡನೆಯವನ ಗಾಡಿಯ ಚೈನು ತುಂಡಾಗಿ ಸುತ್ತಿಕೊಂಡು ಸ್ಪ್ರಾಕೆಟ್ಟಿನ ಹಲ್ಲುಗಳನ್ನೂ ಮುರಿಯಿತು. ತಳ್ಳಿಕೊಂಡು ಹೋಗಿ ಒಂದು ಮೆಕ್ಯಾನಿಕ್ ಶೆಡ್ಡಿಗೆ ತಲುಪಿಸಿದಾಗ ಮಧ್ಯಾಹ್ನ ಕಳೆದಿತ್ತು. ಸಾಮಾನು ಸೇಲಂನಿಂದ ಬರಬೇಕು, ನಾಳೆ ಸಂಜೆಯಾಗುತ್ತದೆ ಎಂದರು. ಒಂದೇ ಗಾಡಿಯಲ್ಲಿ ಇಬ್ಬರೂ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸಾಲದ ಕಂತು ಇನ್ನೂ ತೀರದ ಗಾಡಿ. ಅದನ್ನು ಗೊತ್ತಿಲ್ಲದ ಊರಿನಲ್ಲಿ ಒಪ್ಪಿಸಿ ಬರಲು ಅವನಿಗೆ ಧೈರ್ಯ ಬರಲಿಲ್ಲ. “ನೀ ಹೋಗ್ಲಾ, ನಿನ್ ಹರಕೆ ಕೆಡಿಸ್ಕೋಬ್ಯಾಡ, ನಾನ್ ಹೆಂಗೋ ಬತ್ತೀನಿ” ಎಂದ. ಮೊದಲನೆಯವನು ಅರ್ಧ ಗಂಟೆ ಹಿಂದೆ ಮುಂದೆ ನೋಡಿ ಹೊರಟುಬಿಟ್ಟ. ರಾತ್ರಿಯೆಲ್ಲ ಓಡಿಸಿ ಬೆಳಗಿನ ಪೂಜೆಗೆ ಸೇರಿಕೊಂಡ. ಬತ್ತಿ ಹಚ್ಚಿದ.

ನಿಂತವನಿಗೆ ತಮಿಳು ಬಾರದು. ಗಾಡಿಯ ಮೇಲೆ ಕೆಎ 11, ಮಂಡ್ಯದ ಸಂಖ್ಯೆ. ಊರು ಮೆಟ್ಟೂರು. 1934ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟೆಗೆ ಎಷ್ಟು ನೀರು ಬಿಡಬೇಕೆಂದು ನಮ್ಮ ಜಿಲ್ಲೆಯಲ್ಲಿ ರಸ್ತೆ ತಡೆದು ಕೂರುವುದು ನಿಮಗೆ ಗೊತ್ತೇ ಇದೆ. 2016ರ ಸೆಪ್ಟೆಂಬರಿನಲ್ಲಿ ಎರಡೂ ರಾಜ್ಯಗಳಲ್ಲಿ ಪರರಾಜ್ಯದ ನಂಬರ್ ಪ್ಲೇಟು ಕಂಡರೆ ಏನಾಗುತ್ತಿತ್ತು ಎಂಬ ಕಥೆಗಳನ್ನು ಕೇಳಿ ಬೆಳೆದ ಹುಡುಗ. ಹೆದರಿ ಶೆಡ್ಡಿನ ಒಳಗೇ ಕೂತಿದ್ದ. ರಾತ್ರಿ ಜ್ವರ ಬಂತು. ಫೋನಿನ ಚಾರ್ಜು ಮುಗಿಯಿತು. ಆ ಮೆಕ್ಯಾನಿಕ್ ತನ್ನ ಮನೆಯಿಂದ ಗಂಜಿ ತಂದು ಕೊಟ್ಟು, ಎರಡು ರಾತ್ರಿ ಮಲಗಲು ಜಾಗ ಮಾಡಿ, ಔಷಧಿ ಅಂಗಡಿಯಿಂದ ಮಾತ್ರೆ ತಂದುಕೊಟ್ಟರಂತೆ. ಅವರು ಯಾವ ಧರ್ಮದವರೆಂದು ನಾನು ಕೇಳಿದೆ. “ಕೇಳ್ಲಿಲ್ಲ ಸ್ವಾಮಿ” ಎಂದ. ಹೇಗೋ ಊರು ಸೇರಿದ ಮೇಲೆ ಡೆಂಗಿ ಎಂದು ತಿಳಿದು ಮಂಡ್ಯದಲ್ಲಿ ಐದು ದಿನ ಆಸ್ಪತ್ರೆ. ಎರಡು ಮನೆಗಳ ನಡುವೆ ಮಾತು ನಿಂತಿತು.

ಊರಿನಲ್ಲಿ ತೀರ್ಪುಗಳಿಗೇನು ಬರ? ದೇವರ ಹರಕೆ ದೊಡ್ಡದು, ಹೋದದ್ದೇ ಸರಿ ಎಂದರು ಕೆಲವರು. ಅವನೇ “ಹೋಗು” ಎಂದಮೇಲೆ ತಪ್ಪೆಲ್ಲಿ ಎಂದರು ಇನ್ನು ಕೆಲವರು. ಗೆಳೆಯನನ್ನು ಸಾಯಲು ಬಿಟ್ಟು ಬತ್ತಿ ಹಚ್ಚಲು ಹೋದನಲ್ಲ ಎಂದವರೂ ಉಂಟು. ಈ ಮೂರನೆಯ ಮಾತನ್ನು ಮೊದಲು ಪಕ್ಕಕ್ಕಿಡೋಣ. ಜ್ವರ ಬಂದದ್ದು ಅವನು ಹೊರಟ ಮೇಲೆ. ಜ್ವರ ಬಾರದೆ ಹುಡುಗ ನಗುತ್ತಾ ವಾಪಸು ಬಂದಿದ್ದರೆ ಇದೇ ಜನ ಇದನ್ನೊಂದು ತಮಾಷೆಯ ಕಥೆಯಾಗಿ ಹೇಳುತ್ತಿದ್ದರು. ಸೊಳ್ಳೆಯೊಂದು ಕಚ್ಚಿದ್ದಕ್ಕೆ ಒಬ್ಬನ ನಡತೆ ಒಳ್ಳೆಯದೋ ಕೆಟ್ಟದ್ದೋ ಆಗಿಬಿಡಬಾರದು. ಅಂದು ಮಧ್ಯಾಹ್ನ ಶೆಡ್ಡಿನ ಮುಂದೆ ನಿಂತವನಿಗೆ ಏನು ತಿಳಿದಿತ್ತು, ಏನು ತಿಳಿಯಬಹುದಿತ್ತು ಎಂಬುದನ್ನಷ್ಟೇ ಹಿಡಿದು ಅಳೆಯಬೇಕು.

ಹರಕೆಯ ಮಾತು ಹೆಚ್ಚು ತೂಕದ್ದು. ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ದೇವರಿಗೆ ಮಾಡಿದ ಪ್ರತಿಜ್ಞೆಯೆಂದರೆ, ಸಾಧ್ಯವಾದ, ಹೆಚ್ಚು ಒಳ್ಳೆಯದಾದ ಕಾರ್ಯವೊಂದನ್ನು ತಿಳಿದು, ಸ್ವಇಚ್ಛೆಯಿಂದ ಕೊಟ್ಟ ಮಾತು ಎನ್ನುತ್ತದೆ ಧರ್ಮಸಭೆಯ 1983ರ ಕಾನೂನು ಸಂಹಿತೆ. ನಮ್ಮ ಮನೆಗಳ ಹರಕೆಗಳಲ್ಲಿ ಎಷ್ಟೋ ಈ ಮಟ್ಟಕ್ಕೆ ಬರುವುದೂ ಇಲ್ಲ. ಗಾಬರಿಯಲ್ಲಿ ಬಾಯಿಗೆ ಬಂದ ಆಸೆಗಳವು. ನಿಜವಾದ ಪ್ರತಿಜ್ಞೆಯೇ ಆಗಿದ್ದರೂ, ಅದೇ ಸಂಹಿತೆಯ 1197ನೇ ಕಟ್ಟಳೆ ಒಂದು ಬಾಗಿಲು ತೆರೆದಿಟ್ಟಿದೆ. ಖಾಸಗಿ ಪ್ರತಿಜ್ಞೆ ಮಾಡಿದವನು ತಾನು ಹೇಳಿದ ಕಾರ್ಯವನ್ನು ಅಷ್ಟೇ ಒಳ್ಳೆಯ ಅಥವಾ ಅದಕ್ಕಿಂತ ಒಳ್ಳೆಯ ಇನ್ನೊಂದು ಕಾರ್ಯಕ್ಕೆ ತಾನೇ ಬದಲಾಯಿಸಿಕೊಳ್ಳಬಹುದು. ಧರ್ಮಾಧ್ಯಕ್ಷರಿಗೆ ಅರ್ಜಿ ಹಾಕಬೇಕಿಲ್ಲ, ನನ್ನನ್ನು ಕೇಳಲೂ ಬೇಕಿಲ್ಲ. ಅದಕ್ಕಿಂತ ಚಿಕ್ಕ ಕಾರ್ಯಕ್ಕೆ ಇಳಿಸಬೇಕಾದರೆ ಮಾತ್ರ ಅಧಿಕಾರವಿರುವವರ ಬಳಿ ಬರಬೇಕು. ಹಾಗಾದರೆ ಮೆಟ್ಟೂರಿನ ಶೆಡ್ಡಿನಲ್ಲಿ ಗೆಳೆಯನ ಪಕ್ಕ ಒಂದು ರಾತ್ರಿ ಕೂರುವುದು ವೇಳಾಂಗಣ್ಣಿಯ ಬತ್ತಿಗಿಂತ ಚಿಕ್ಕದೇ? ಯೇಸುಸ್ವಾಮಿ ಒಮ್ಮೆ ಫರಿಸಾಯರನ್ನು ಕಟುವಾಗಿ ಖಂಡಿಸಿದ್ದು ಇಂಥದಕ್ಕೇ: ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮುಡಿಪು ಎಂದು ಹೇಳಿ ಜಾರಿಕೊಳ್ಳುವುದಕ್ಕೆ. ನಾನು ಆ ಹುಡುಗನನ್ನು ಫರಿಸಾಯ ಎನ್ನುತ್ತಿಲ್ಲ. ಅವನು ಜಾರಿಕೊಳ್ಳಲು ನೋಡಲಿಲ್ಲ, ತಾಯಿಯ ಪ್ರಾಣ ಕಣ್ಣ ಮುಂದಿತ್ತು. ಹರಕೆ ತಪ್ಪಿದರೆ ತಾಯಿಗೆ ಏನೋ ಆಗುತ್ತದೆಂಬ ಭಯ ಅವನನ್ನು ಓಡಿಸಿತು. ಆ ಭಯವನ್ನು ಯಾರು ಕಲಿಸಿದರು? ಮನೆಯಲ್ಲಿ ನಾವೇ. ಆರೋಗ್ಯಮಾತೆಯನ್ನು ಬಾಕಿ ವಸೂಲಿಗೆ ಬರುವ ಸಾಲಗಾರಳಂತೆ ಮಕ್ಕಳಿಗೆ ತೋರಿಸುವುದನ್ನು ಇನ್ನಾದರೂ ಬಿಡಬೇಕು.

ಈಗ ಆ “ನೀ ಹೋಗ್ಲಾ” ಎಂಬ ಮಾತು. ನಮ್ಮ ಕಡೆಯ ಬಾಯಲ್ಲಿ ಈ ಮಾತಿಗೆ ಎಷ್ಟು ಅರ್ಥಗಳು! ಊಟದ ಹೊತ್ತಿಗೆ ಬಂದ ನೆಂಟ “ಈಗ್ತಾನೆ ಉಂಡ್ಕಂಡ್ ಬಂದೆ” ಎಂದರೆ ನಮ್ಮ ತಾಯಂದಿರು ಅದನ್ನು ನಂಬಿ ಸುಮ್ಮನಾಗುತ್ತಾರೆಯೇ? ಮುದ್ದೆ ಇಟ್ಟ ತಟ್ಟೆ ಮುಂದೆ ಬಂದೇ ಬರುತ್ತದೆ. ಹಸಿದವನ “ಬೇಡ” ಎಂಬುದನ್ನು ಓದಲು ಬಲ್ಲ ನಾವು, ಹೆದರಿದವನ “ಹೋಗು” ಎಂಬುದನ್ನು ಓದಲಾರೆವೇ? ಕಾನೂನಿನ ಪ್ರಕಾರ ಅವನು ಬಿಡುಗಡೆ ಕೊಟ್ಟ, ನಿಜ. ಆದರೆ ಮುಖ ನೋಡಿದ್ದರೆ ಸಾಕಿತ್ತು. ಅರ್ಧ ಗಂಟೆ ಅವನು ಗಡಿಯಾರ ನೋಡಿದ್ದೇ ಹೆಚ್ಚು ಎಂದು ತಾನೇ ಹೇಳಿಕೊಂಡ.

ಹಾಗೆಂದು ಮಾತು ಕೊಟ್ಟವನು ಏನೇ ಆಗಲಿ ಕಲ್ಲಿನಂತೆ ನಿಂತಿರಬೇಕು ಎಂದು ನಾನು ಹೇಳಲಾರೆ. ಸಂತ ಥಾಮಸ್ ಅಕ್ವಿನಾಸರೇ ಹಾಗೆ ಹೇಳುವುದಿಲ್ಲ. ಮಾತು ಕೊಟ್ಟಾಗ ಇದ್ದ ವ್ಯಕ್ತಿಗಳ, ವ್ಯವಹಾರದ ಸ್ಥಿತಿ ಬದಲಾದರೆ, ಮಾತು ನಡೆಸದವನಿಗೆ ಕ್ಷಮೆಯುಂಟು ಎನ್ನುತ್ತಾರೆ ಅವರು. ಮನೆಯಲ್ಲಿ ತಾಯಿಗೆ ಮತ್ತೆ ಸೀರಿಯಸ್ ಎಂದು ಫೋನು ಬಂದಿದ್ದರೆ ಅವನು ಗಾಡಿ ತಿರುಗಿಸಿ ಹೊರಟುಬಿಡುವುದು ತಪ್ಪಾಗುತ್ತಿರಲಿಲ್ಲ, ಕರ್ತವ್ಯವೇ ಆಗುತ್ತಿತ್ತು. 1929ರಲ್ಲಿ ಕಥೋಲಿಕರಾದ ಫ್ರೆಂಚ್ ತತ್ತ್ವಜ್ಞಾನಿ ಗಬ್ರಿಯೆಲ್ ಮಾರ್ಸೆಲ್ ಇನ್ನೊಂದು ಕಡೆಯಿಂದ ಯೋಚಿಸಿದರು. ಬದುಕುವ ಆಸೆಯಿಲ್ಲದ ರೋಗಿಯೊಬ್ಬನನ್ನು ನೋಡಲು ಹೋಗುತ್ತೇನೆ, ಮನ ಕರಗಿ, ಬೇಗ ಮತ್ತೆ ಬರುತ್ತೇನೆ ಎನ್ನುತ್ತೇನೆ. ಕೆಲವು ದಿನ ಕಳೆದ ಮೇಲೆ ಆ ಕರಗಿದ ಮನಸ್ಸು ಇಲ್ಲ. ಆದರೆ ಮಾತು ಇದೆ, ಅವನು ಕಾಯುತ್ತಿದ್ದಾನೆ. ಆಗ ನಾನು ಯಾವುದಕ್ಕೆ ಬದ್ಧ: ಅಂದಿನ ನನ್ನ ಭಾವನೆಗೋ, ಕಾಯುತ್ತಿರುವ ಆ ಮನುಷ್ಯನಿಗೋ? ಸೆಮಿನರಿಯಲ್ಲಿ ಇದನ್ನು ಪರೀಕ್ಷೆಗಾಗಿ ಓದಿದಾಗ ಹೊಳೆಯದಿದ್ದದ್ದು ಈ ಚೈನು ತುಂಡಾದ ಕಥೆ ಕೇಳಿದಾಗ ಹೊಳೆಯಿತು. ಬೆಳಗಿನ ಜಾವ ಗಾಡಿ ಸ್ಟಾರ್ಟ್ ಮಾಡುವಾಗ “ಇಬ್ಬರೂ ಹೋಗೋಣ” ಎಂಬುದು ಹುಮ್ಮಸ್ಸಿನ ಮಾತು. ಅದು ನಿಜವಾದ ಮಾತಾಗಬೇಕಾದದ್ದು ಚೈನು ತುಂಡಾದ ಗಳಿಗೆಯಲ್ಲಿ.

ಈ ಕಷ್ಟ ನಮ್ಮ ಹುಡುಗರದ್ದು ಮಾತ್ರವಲ್ಲ. ದೂರದ ಅಮೆರಿಕದಿಂದ ಮೆಕ್ಸಿಕೋ ದೇಶವನ್ನು ಹಾದು ದಕ್ಷಿಣಕ್ಕೆ ಸಾವಿರಾರು ಮೈಲಿ ಮೋಟರ್ ಸೈಕಲ್ ಓಡಿಸುವವರು ಬಹಳ ಮಂದಿ ಇದ್ದಾರೆ. ಅಲ್ಲಿಯ ರಸ್ತೆಗಳೂ ನಮ್ಮಂಥವೇ. ಊರು ಬಂದಲ್ಲೆಲ್ಲ ‘ತೋಪೆ’ ಎಂಬ ಉಬ್ಬುಗಳು, ಕತ್ತಲಾದರೆ ದಾರಿಗೆ ಅಡ್ಡ ಬರುವ ದನಗಳು. ರಾತ್ರಿ ಓಡಿಸಬೇಡ ಎಂಬುದು ಅಲ್ಲಿಯ ಮೊದಲ ಬುದ್ಧಿಮಾತು. ದಾರಿಯಲ್ಲಿ ಕೆಟ್ಟು ನಿಂತವರಿಗೆ ನೆರವಾಗಲು ಆ ದೇಶದ ಸರ್ಕಾರ 1960ರಿಂದ ‘ಹಸಿರು ದೇವದೂತರು’ ಎಂಬ ಹೆಸರಿನ ಪಡೆಯನ್ನೇ ಇಟ್ಟಿದೆ, ಹಸಿರು ಬಣ್ಣದ ಗಾಡಿಗಳಲ್ಲಿ ಸುತ್ತುವ ಮೆಕ್ಯಾನಿಕ್‌ಗಳು. ನಮ್ಮ ಹುಡುಗನಿಗೆ ಸಿಕ್ಕ ದೇವದೂತರಿಗೆ ಸಮವಸ್ತ್ರವಿರಲಿಲ್ಲ, ಅಷ್ಟೆ. ಇನ್ನೂ ದಕ್ಷಿಣದಲ್ಲಿ, 1952ರ ಜನವರಿಯಲ್ಲಿ, ಅರ್ಜೆಂಟೀನಾದಿಂದ ಇಬ್ಬರು ಗೆಳೆಯರು ಒಂದು ಹಳೆಯ ನಾರ್ಟನ್ ಗಾಡಿಯಲ್ಲಿ ಹೊರಟರು: ವೈದ್ಯಕೀಯ ವಿದ್ಯಾರ್ಥಿ ಅರ್ನೆಸ್ಟೋ ಗೆವಾರ, ಜೀವರಸಾಯನ ಬಲ್ಲ ಆಲ್ಬರ್ಟೋ ಗ್ರನಾಡೋ. ಚಿಲಿ ದೇಶದಲ್ಲಿ ಗಾಡಿ ಕೈಕೊಟ್ಟಿತು. ಗಾಡಿ ಹೋದರೂ ಜೊತೆ ಹೋಗಲಿಲ್ಲ. ಲಾರಿ ಹತ್ತಿ, ನಡೆದು, ತೆಪ್ಪದಲ್ಲಿ ಸಾಗಿ, ಪೆರು ದೇಶದ ಸಾನ್ ಪಾಬ್ಲೊ ಕುಷ್ಠರೋಗಿಗಳ ವಸತಿಯಲ್ಲಿ ಸೇವೆ ಮಾಡಿ, ಜುಲೈನಲ್ಲಿ ವೆನೆಜುವೆಲಾದ ಕರಾಕಸ್ ನಗರದಲ್ಲಿ ಬೇರೆಯಾದರು. ಗ್ರನಾಡೋ ಅಲ್ಲಿನ ಕುಷ್ಠರೋಗಿಗಳ ಆಸ್ಪತ್ರೆಯ ಕೆಲಸಕ್ಕೆ ನಿಂತ, ಗೆವಾರ ಓದು ಮುಗಿಸಲು ಊರಿಗೆ ಹೋದ. ಮುಂದೆ ಈ ಗೆವಾರ 1955ರಲ್ಲಿ ಮೆಕ್ಸಿಕೋ ನಗರದಲ್ಲಿ ಫಿಡೆಲ್ ಕ್ಯಾಸ್ಟ್ರೋನನ್ನು ಕಂಡು ಹಿಡಿದ ಬಂದೂಕಿನ ದಾರಿಯನ್ನು ನಾನು ಮೆಚ್ಚುವವನಲ್ಲ. ಆದರೆ ಕರಾಕಸ್‌ನಲ್ಲಿ ಅವರು ಬೇರೆಯಾದ ರೀತಿ ನೋಡಿ. ಇಬ್ಬರಿಗೂ ಮುಂದಿನ ದಾರಿ ಗೊತ್ತಿತ್ತು, ಒಬ್ಬನಿಗೆ ಕೆಲಸ, ಒಬ್ಬನಿಗೆ ಮನೆ. ಗೆಳೆತನ ಉಳಿಯಿತು, 1961ರಲ್ಲಿ ಗ್ರನಾಡೋ ಸಂಸಾರ ಸಮೇತ ಗೆಳೆಯನಿದ್ದ ಕ್ಯೂಬಾಕ್ಕೇ ಹೋಗಿ ನೆಲೆಸಿದ.

ಬಿಟ್ಟು ಹೋಗುವುದು ಬೇರೆ, ಕೈಬಿಡುವುದು ಬೇರೆ. ಇವೆರಡರ ನಡುವಿನ ಗೆರೆ ಎಲ್ಲಿದೆ ಎಂದು ನೀವು ಕೇಳಿದರೆ, ನನ್ನ ಅಭಿಪ್ರಾಯ ಹೀಗಿದೆ. ಅಂದು ಅವನು ರಾತ್ರಿ ಮಲಗಲು ಜಾಗ ಇದೆಯೇ ಎಂದು ನೋಡಿ, ಮೆಕ್ಯಾನಿಕ್‌ರ ಫೋನ್ ನಂಬರ್ ತೆಗೆದುಕೊಂಡು, ಕೈಯಲ್ಲಿದ್ದ ಹಣದಲ್ಲಿ ಅರ್ಧ ಕೊಟ್ಟು, ಮನೆಯವರಿಗೆ ಇಬ್ಬರ ಸುದ್ದಿಯನ್ನೂ ತಿಳಿಸಿ, ಬತ್ತಿ ಹಚ್ಚಿದ ಕೂಡಲೆ ಅದೇ ದಾರಿಯಲ್ಲಿ ಹಿಂದಿರುಗಿದ್ದರೆ, ಅವನು ಹೋದದ್ದನ್ನು ತಪ್ಪೆನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಅವನು ಇದ್ಯಾವುದನ್ನೂ ಮಾಡಲಿಲ್ಲ. ಬರುವಾಗ ಬೇರೆ ಊರುಗಳನ್ನು ನೋಡಿಕೊಂಡು ಧರ್ಮಪುರಿ, ಹೊಸೂರು ಕಡೆಯಿಂದ ಬಂದ. ಫೋನು ಸಿಗಲಿಲ್ಲ, ಗಾಡಿ ರೆಡಿಯಾಗಿ ಹೊರಟಿರಬೇಕು ಅಂದುಕೊಂಡನಂತೆ. ನನಗೆ ಹೋದದ್ದಕ್ಕಿಂತ ಈ ಬಂದ ದಾರಿಯೇ ಹೆಚ್ಚು ನೋವು ಕೊಟ್ಟಿತು.

ಸ್ನೇಹದಲ್ಲಿ ಮೂರು ಬಗೆ ಎಂದು ಅರಿಸ್ಟಾಟಲ್ ಹೇಳಿದ್ದನ್ನು ನಮಗೆ ಮೊದಲ ವರ್ಷವೇ ಪಾಠ ಮಾಡುತ್ತಿದ್ದರು: ಲಾಭಕ್ಕಾಗಿ, ಸುಖಕ್ಕಾಗಿ, ಗುಣಕ್ಕಾಗಿ. ಒಟ್ಟಿಗೆ ಉಪ್ಪು ತಿನ್ನದೆ ಒಬ್ಬರನ್ನೊಬ್ಬರು ಅರಿಯಲಾಗದು ಎಂಬ ಗಾದೆಯನ್ನೂ ಆತ ನೆನೆಯುತ್ತಾನೆ. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುವ ನಮಗೆ ಇದನ್ನು ಗ್ರೀಕರಿಂದ ಕಲಿಯುವ ಅಗತ್ಯವಿಲ್ಲ. ಮದ್ದೂರಿನಲ್ಲಿ ಗಾಡಿ ನಿಲ್ಲಿಸಿ ಒಂದು ವಡೆಯನ್ನು ಮುರಿದು ಹಂಚಿಕೊಂಡಾಗ ಎಲ್ಲ ಸ್ನೇಹಗಳೂ ಒಂದೇ ತರಹ ಕಾಣುತ್ತವೆ. ಯಾವುದು ಯಾವುದೆಂದು ಪಾಲಾರ್ ದಾಟಿದ ಮೇಲೆ ತಿಳಿಯುತ್ತದೆ.

ಬಿಟ್ಟವನ ಕಥೆ ಅಲ್ಲಿಗೇ ಮುಗಿಯುವುದೂ ಇಲ್ಲ. ಸಂತ ಪೌಲ ಮತ್ತು ಬಾರ್ನಬರ ಮೊದಲ ಪ್ರಯಾಣದಲ್ಲಿ ಮಾರ್ಕನೆಂಬ ಯುವಕ ಅರ್ಧದಲ್ಲೇ ಅವರನ್ನು ಬಿಟ್ಟು ಮನೆಗೆ ಹಿಂದಿರುಗಿದ. ಎರಡನೆಯ ಸಲ ಹೊರಡುವಾಗ ಬಾರ್ನಬ ಅವನನ್ನು ಕರೆದುಕೊಳ್ಳೋಣ ಎಂದರು, ಪೌಲರು ಸುತರಾಂ ಒಪ್ಪಲಿಲ್ಲ. ಜಗಳ ಎಷ್ಟು ಜೋರಾಯಿತೆಂದರೆ ಆ ಇಬ್ಬರು ಹಿರಿಯರೇ ಬೇರೆಯಾದರು. ಬಾರ್ನಬ ಮಾರ್ಕನೊಂದಿಗೆ ಸೈಪ್ರಸ್ಸಿಗೆ, ಪೌಲರು ಸೀಲನೊಂದಿಗೆ ಸಿರಿಯದ ಕಡೆಗೆ. ಪವಿತ್ರ ಗ್ರಂಥ ಇದನ್ನು ಮುಚ್ಚಿಡದೆ ಹೇಳುತ್ತದೆ, ಯಾರು ಸರಿ ಎಂದು ತೀರ್ಪು ಕೊಡುವುದಿಲ್ಲ. ಮುಂದೆ ಸೆರೆಯಲ್ಲಿದ್ದ ಪೌಲರ ಪತ್ರದಲ್ಲಿ, ಮಾರ್ಕನನ್ನು ಕರೆತಾ, ಅವನು ನನಗೆ ಉಪಯುಕ್ತ ಎಂಬ ಅರ್ಥದ ಮಾತು ಬರುತ್ತದೆ. ನಡುವೆ ಎಷ್ಟು ವರ್ಷ ಹಿಡಿಯಿತು, ಯಾರು ಮೊದಲು ಮಾತಾಡಿದರು ಎಂಬುದನ್ನು ಅಲ್ಲಿ ಬರೆದಿಲ್ಲ.

ನಿಂತವನಿಗೂ ಒಂದು ಮಾತು ಹೇಳಬೇಕು, ಅವನು ಇದನ್ನು ಓದುತ್ತಾನೆಂದು ಗೊತ್ತು. “ನನಗೆ ಭಯವಾಗ್ತಿದೆ, ನಿಂತ್ಕೊ” ಎಂದು ಹೇಳುವುದು ಸಣ್ಣತನವಲ್ಲ. ಗಂಡಸಾದವನು ಹಾಗೆ ಹೇಳಬಾರದೆಂದು ನಮ್ಮ ಊರುಗಳಲ್ಲಿ ಯಾರೋ ಕಲಿಸಿಬಿಟ್ಟಿದ್ದಾರೆ. ನೀನು ನಿಜ ಹೇಳಿದ್ದರೆ ಅವನಿಗೆ ನಿಲ್ಲುವ ಅವಕಾಶವಾದರೂ ಇರುತ್ತಿತ್ತು. ಮನೆಯಲ್ಲಿ ಹೆಂಡತಿ “ಪರವಾಗಿಲ್ಲ, ನೀವು ಹೋಗಿಬನ್ನಿ” ಎಂದು ಹೇಳಿ ಹತ್ತು ವರ್ಷ ಅದನ್ನು ಎದೆಯಲ್ಲಿಟ್ಟುಕೊಂಡು ಕೊರಗುವುದನ್ನೂ, ಗಂಡ “ಅವಳೇ ಹೇಳಿದಳಲ್ಲ” ಎಂದು ನಿಶ್ಚಿಂತೆಯಿಂದಿರುವುದನ್ನೂ ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ಅಲ್ಲಿಯೂ ಕಥೆ ಇದೇ.

ಇಬ್ಬರ ನಡುವೆ ಈಗ ಮಾತು ಶುರುವಾಗಿದೆ, ಮೊದಲಿನಂತಲ್ಲ. ತಾಯಂದಿರು ಇನ್ನೂ ಪೂಜೆಯಲ್ಲಿ ಬೇರೆ ಬೇರೆ ಬದಿಯಲ್ಲೇ ಕೂರುತ್ತಾರೆ.

ಈ ಸಲ ಹಬ್ಬಕ್ಕೆ ಗಾಡಿಯಲ್ಲಿ ಹೊರಡುವ ಯುವಕರೇ, ಹಿಂದಿನ ಸಂಜೆ ಅರ್ಧ ಗಂಟೆ ಎದುರುಬದುರು ಕೂತು ಮಾತಾಡಿಕೊಳ್ಳಿ. ತೊಬೀತನು ಮಗನನ್ನು ದೂರದೂರಿಗೆ ಕಳುಹಿಸುವಾಗ ಜೊತೆಗೆ ಹೋಗುವವನ ಮನೆತನ ವಿಚಾರಿಸಿ ದಿನಗೂಲಿಯನ್ನೂ ಗೊತ್ತುಮಾಡಿಯೇ ಕಳಿಸಿದ್ದು, ಆ ಜೊತೆಗಾರ ದೇವದೂತನೆಂದು ಅವನಿಗೆ ತಿಳಿದಿರಲಿಲ್ಲ. ಒಬ್ಬನ ಗಾಡಿ ಕೆಟ್ಟರೆ ಏನು, ಒಬ್ಬನಿಗೆ ಹುಷಾರು ತಪ್ಪಿದರೆ ಏನು, ಎಷ್ಟು ಹೊತ್ತಿಗೆ ಎಲ್ಲಿ ತಂಗುವುದು ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿ. ನಿಧಾನ ಓಡಿಸುವವನನ್ನು ಮುಂದೆ ಬಿಡಿ. ದಾರಿ ಕವಲೊಡೆಯುವ ಕಡೆಯಲ್ಲೆಲ್ಲ, ಹಿಂದಿನವನು ಕಣ್ಣಿಗೆ ಬೀಳುವವರೆಗೆ ನಿಲ್ಲಿ. ಚಂದಕ್ಕೆಂದು ಕಳಚಿಟ್ಟ ಕನ್ನಡಿಗಳನ್ನು ಮತ್ತೆ ಹಾಕಿಸಿ. ಹಿಂದೆ ಬರುವವನು ಕಾಣುವುದು ಅದರಲ್ಲೇ. ಹಿಂದೆ ಕೂರುವವನಿಗೂ ಹೆಲ್ಮೆಟ್ ಇರಲಿ. ಚೈನಿನ ಲಾಕ್ ಒಂದನ್ನು ಜೇಬಿನಲ್ಲಿಟ್ಟುಕೊಳ್ಳಿ, ಬಿಡಿಭಾಗದ ಅಂಗಡಿಗಳಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ.